ಕಡಲಾಚೆಯಿಂದ ಬಂದ ಸೊಸೆಯರು

ಕೆಲವು ತಿಂಗಳಿಂದ ನಮ್ಮ ಮನೆಯಲ್ಲಿ ಒಂದು ಹೊಸ ಭಾಷೆ ಓಡಾಡುತ್ತಿದೆ. ನರ್ಸಿಂಗ್ ಮುಗಿಸಿರುವ ನನ್ನ ಮಗಳು ಜರ್ಮನ್ ಕಲಿಯುತ್ತಿದ್ದಾಳೆ. ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದರೆ ಅವಳು ಅಡಿಗೆಮನೆಯ ಹೊಸ್ತಿಲ ಹತ್ತಿರ ಕೂತು "ಡೇರ್, ಡೀ, ದಾಸ್" ಅಂತ ಬಾಯಿಪಾಠ ಮಾಡುತ್ತಾಳೆ. ಆ ಭಾಷೆಯಲ್ಲಿ ಮೇಜು ಗಂಡಂತೆ, ದೀಪ ಹೆಣ್ಣಂತೆ. ಆದರೆ 'ಹುಡುಗಿ' ಎನ್ನುವ ಶಬ್ದ ಮಾತ್ರ ನಪುಂಸಕಲಿಂಗವಂತೆ! "ಅಲ್ಲೂ ಹುಡುಗಿಯರ ಗತಿ ಅಷ್ಟೇಯೇನೇ?" ಎಂದು ನಾನು ನಕ್ಕೆ. ಅವಳೂ ನಕ್ಕಳು.

ನಗು ಹೊರಗಿನದು. ಒಳಗೆ ನನಗೆ ಸಂಕಟವೇ. ಜರ್ಮನಿಯ ಆಸ್ಪತ್ರೆಗಳಿಗೆ ದಾದಿಯರು ಸಾಲದಂತೆ, ನಮ್ಮ ದೇಶದ ಹುಡುಗಿಯರು ಅಲ್ಲಿಗೆ ಹೋಗುತ್ತಿದ್ದಾರೆ. ಭಾಷೆಯಲ್ಲಿ ಬಿ-2 ಎನ್ನುವ ಹಂತ ದಾಟಿ, ಇಲ್ಲಿಯ ಓದಿಗೆ ಅಲ್ಲಿ ಮಾನ್ಯತೆ ಪಡೆದರೆ ಕೆಲಸ. ಇವರು "ಹೋಗಿ ಬರಲಿ ಬಿಡು" ಎಂದು ಒಪ್ಪಿಬಿಟ್ಟಿದ್ದರು. ನಾನು ಮಾತ್ರ ಹೂಂ ಎಂದಿರಲಿಲ್ಲ. ಇರುವವಳು ಒಬ್ಬಳೇ ಮಗಳು. ಅಷ್ಟು ದೂರ, ಆ ಚಳಿಯ ದೇಶಕ್ಕೆ, ಗುರುತು ಪರಿಚಯವಿಲ್ಲದ ಜನರ ನಡುವೆ ಹೇಗೆ ಕಳಿಸಲಿ?

ನಮ್ಮ ಮನೆ ಇರುವುದು ಬೆಂಗಳೂರಿನ ಕೆ.ಆರ್. ಪುರದಲ್ಲಿ. ಮಗಳು ಮೆಟ್ರೋ ರೈಲು ಹತ್ತಿ ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿರುವ ಮ್ಯಾಕ್ಸ್ ಮ್ಯುಲ್ಲರ್ ಭವನಕ್ಕೆ ಪಾಠಕ್ಕೆ ಹೋಗುತ್ತಾಳೆ. ಒಂದು ಶನಿವಾರ ನಾನೂ ಜೊತೆಗೆ ಹೊರಟೆ. ಪಾಠ ಮುಗಿದ ಮೇಲೆ ಶಿವಾಜಿನಗರದ ಕಡೆ ಹೋಗಿ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದೆರಡು ರವಿಕೆ ಕಣ ಕೊಳ್ಳುವ ಆಸೆ. ಹಲಸೂರು ದಾಟಿ ಎಂ.ಜಿ. ರಸ್ತೆಯಲ್ಲಿ ಇಳಿದಾಗ ಮಗಳು, "ಅಮ್ಮಾ, ಸ್ವಲ್ಪ ಹಿಂದಕ್ಕೆ ನಡಿ, ನಿನಗೊಬ್ಬರನ್ನು ತೋರಿಸ್ತೀನಿ" ಎಂದು ಮೇಯೋ ಹಾಲ್ ಹತ್ತಿರ ಕರೆದುಕೊಂಡು ಹೋದಳು. ಅಲ್ಲೊಂದು ಪ್ರತಿಮೆ. ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್.

ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟರು ಕಿಟ್ಟೆಲ್ ನಿಘಂಟಿನ ಹೆಸರು ಹೇಳುತ್ತಿದ್ದದ್ದು ನೆನಪಿತ್ತು. ಬೆಂಗಳೂರಿನ ಆಸ್ಟಿನ್ ಟೌನಿಗೆ ಕಿಟ್ಟೆಲ್ ನಗರ ಎಂಬ ಹೆಸರಿಟ್ಟಿರುವುದೂ ಗೊತ್ತಿತ್ತು, ಬಸ್ಸಿನವರು ಮಾತ್ರ ಇನ್ನೂ ಆಸ್ಟಿನ್ ಟೌನ್ ಅಂತಲೇ ಕೂಗುತ್ತಾರೆ. ಆದರೆ ಅಂದು ಆ ಪ್ರತಿಮೆಯ ಮುಂದೆ ನಿಂತಾಗ ಬೇರೆಯೇ ಒಂದು ಪ್ರಶ್ನೆ ಹುಟ್ಟಿತು. ಈತ ಇಲ್ಲಿಗೆ ಬಂದಾಗ ಇವನ ತಾಯಿ ಏನೆಂದುಕೊಂಡಿರಬಹುದು? ಇವನ ಹೆಂಡತಿ ಯಾರು? ಮಕ್ಕಳು ಎಲ್ಲಿ ಬೆಳೆದವು? ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆ, ಬಲ್ಲವರನ್ನು ಕೇಳಿದೆ. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಯಾರು ಇವರು?

ಸ್ವಿಟ್ಜರ್ಲೆಂಡ್ ದೇಶದಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡಂತೆ ಬಾಸೆಲ್ ಎಂಬ ಊರಿದೆ. 1815ರಲ್ಲಿ ಅಲ್ಲಿ ಒಂದು ಕ್ರೈಸ್ತ ಮಿಶನ್ ಸಂಸ್ಥೆ ಹುಟ್ಟಿತು. ಸ್ವಿಸ್ ಸಭೆಯವರೂ ಅದರಲ್ಲಿ ಇದ್ದರು, ಆದರೆ ಅದರಿಂದ ಹೊರಟು ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತ್ಯದ ಲುಥೆರನ್ ಮನೆಗಳ ಮಕ್ಕಳು. ಶ್ರೀಮಂತರೇನಲ್ಲ. ರೈತರ, ಕುಶಲಕರ್ಮಿಗಳ, ಹಳ್ಳಿಯ ಪಾದ್ರಿಗಳ ಮಕ್ಕಳು.

ಲುಥೆರನ್ ಎಂದರೆ ಮಾರ್ಟಿನ್ ಲೂಥರನ ಹಾದಿಯವರು. ದೇವರ ಮಾತು ಪಂಡಿತರ ಲ್ಯಾಟಿನ್ ಭಾಷೆಯಲ್ಲೇ ಉಳಿಯಬಾರದು, ಅಡಿಗೆಮನೆಯ ಹೆಂಗಸಿಗೂ ಅವಳ ಮಾತಿನಲ್ಲೇ ತಿಳಿಯಬೇಕು ಎಂದು ಅವನು ಇಡೀ ಬೈಬಲನ್ನು ಜರ್ಮನ್ ಭಾಷೆಗೆ ತಂದ. ಅದು ಪೂರ್ತಿಯಾಗಿ ಅಚ್ಚಾದದ್ದು 1534ರಲ್ಲಿ. ಸರಿಯಾಗಿ 300 ವರ್ಷದ ಮೇಲೆ, 1834ರ ಅಕ್ಟೋಬರ್ ಕೊನೆಗೆ, ಸಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಯುವಕರು ಮಂಗಳೂರಿಗೆ ಬಂದಿಳಿದರು. ಅಲ್ಲಿಯವರೆಗೆ ಕಂಪೆನಿ ಸರ್ಕಾರ ಇಂಗ್ಲಿಷರಲ್ಲದ ಮಿಶನರಿಗಳನ್ನು ಸುಲಭವಾಗಿ ಒಳಗೆ ಬಿಡುತ್ತಿರಲಿಲ್ಲ. 1833ರ ಕಾನೂನು ಬಾಗಿಲು ತೆರೆಯಿತು.

ಅವರು ಬಂದದ್ದು ಧರ್ಮಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಜನರ ಮಾತಿನಲ್ಲೇ ಹೇಳಬೇಕೆಂಬುದು ಅವರು ಹುಟ್ಟಿ ಬೆಳೆದ ಮನೆಯ ಪಾಠ. ಆದ್ದರಿಂದ ಮೊದಲು ಕನ್ನಡ ಕಲಿತರು. ಕಲಿಯುತ್ತ ಕಲಿಯುತ್ತ ಅದರಲ್ಲೇ ಮುಳುಗಿದರು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರತಂದರು. ಅದೇ ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ನೋಡಿ, ನೀವೀಗ ಕೈಯಲ್ಲಿ ಹಿಡಿದಿರುವ ಪತ್ರಿಕೆಯ ಹಾಗೆ ಅದೂ ಪಾಕ್ಷಿಕವೇ! ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುವುದು ಅದೇ ನೆನಪಿಗೆ.

ಇವೆಲ್ಲ ಗಂಡಸರ ಕಥೆ. ಪುಸ್ತಕಗಳಲ್ಲಿ ಸುಲಭವಾಗಿ ಸಿಗುತ್ತದೆ. ಹೆಂಗಸರ ಕಥೆಗೆ ಮಾತ್ರ ಸಂದಿಗೊಂದಿಯಲ್ಲಿ ಹುಡುಕಬೇಕು.

ನೋಡದ ಗಂಡಿಗೆ ನೋಡದ ಹೆಣ್ಣು

ಯೂರೋಪಿನವರೆಂದರೆ ತಾವೇ ಮೆಚ್ಚಿ ಮದುವೆಯಾಗುವವರು ಎಂದು ನಾವು ತಿಳಿದಿದ್ದೇವೆ, ಅಲ್ಲವೇ? ಈ ಮಿಶನರಿಗಳ ಮದುವೆ ಕೇಳಿದರೆ ನಮ್ಮ ಅಜ್ಜಿಯರ ಮದುವೆಯೇ ವಾಸಿ ಅನ್ನಿಸುತ್ತದೆ.

ಬಾಸೆಲ್ ಸಂಸ್ಥೆಯ ನಿಯಮ ಹೀಗಿತ್ತು. ಹುಡುಗ ಒಂಟಿಯಾಗಿ ಬರಬೇಕು. ಎರಡು ವರ್ಷ ಕೆಲಸ ಮಾಡಿ, ಭಾಷೆ ಕಲಿತು, ಯೋಗ್ಯನೆನಿಸಿಕೊಂಡ ಮೇಲೆ ಮದುವೆಗೆ ಅಪ್ಪಣೆ ಬೇಡಿ ಬಾಸೆಲಿನ ಹಿರಿಯರಿಗೆ ಕಾಗದ ಬರೆಯಬೇಕು. ಹಿರಿಯರು ಒಪ್ಪಿದರೆ ಊರೂರಿನ ಪಾದ್ರಿಗಳ ಮೂಲಕ ಹೆಣ್ಣು ಹುಡುಕುವುದು. ಭಕ್ತಿ ಇದೆಯೇ, ಆರೋಗ್ಯ ಗಟ್ಟಿಯೇ, ಮನೆಗೆಲಸ ಬರುತ್ತದೆಯೇ ಎಂದೆಲ್ಲ ವಿಚಾರಣೆ. ಕೊನೆಗೆ ಆ ಹುಡುಗಿಗೆ ಒಂದು ಕಾಗದ: ಇಂಥವನೊಬ್ಬ ಹಿಂದೂಸ್ಥಾನದಲ್ಲಿದ್ದಾನೆ, ಅವನನ್ನು ಮದುವೆಯಾಗಿ ಅಲ್ಲಿಗೆ ಹೋಗುತ್ತೀಯಾ? ಎಷ್ಟೋ ಹುಡುಗಿಯರು ವರನ ಮುಖವನ್ನೇ ಕಂಡಿರಲಿಲ್ಲ. ಯೋಚಿಸಲು ಸಿಕ್ಕುತ್ತಿದ್ದ ಕಾಲವೂ ಸ್ವಲ್ಪವೇ.

ಒಪ್ಪಿದವಳು ಪೆಟ್ಟಿಗೆ ಕಟ್ಟಿಕೊಂಡು, ಜೊತೆಗಾರರೊಂದಿಗೆ ಹಡಗು ಹತ್ತಬೇಕು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮೊದಲು ಎಷ್ಟೋ ಸಲ ಆಫ್ರಿಕಾ ಖಂಡವನ್ನೇ ಸುತ್ತಿ ಬರುವ ಹಾದಿ, ಮೂರು ನಾಲ್ಕು ತಿಂಗಳ ಪ್ರಯಾಣ. ಬಂದರಿನಲ್ಲಿ ಇಳಿದಾಗ ಅಲ್ಲಿ ಸೇರಿದ ಗಂಡಸರಲ್ಲಿ ತನ್ನವನು ಯಾರು ಎಂದು ಹುಡುಕಬೇಕು. ಕೆಲವೇ ದಿನಗಳಲ್ಲಿ ಮದುವೆ. ತವರಿನಿಂದ ಒಂದು ನರಪಿಳ್ಳೆಯೂ ಇಲ್ಲದ ಮದುವೆ. ಮೊದಲ ಮಳೆಗಾಲ, ಸೊಳ್ಳೆ, ಜ್ವರ, ತಿಳಿಯದ ಭಾಷೆ, ಕಾಣದ ಅಡಿಗೆ. ಸಂಬಳ ಗಂಡನಿಗೆ ಮಾತ್ರ. ಆದರೆ ಕೆಲಸ ಅವಳಿಗೂ ಇತ್ತು: ಹೆಣ್ಣುಮಕ್ಕಳ ಶಾಲೆ, ಹೊಲಿಗೆ ಪಾಠ, ಅನಾಥ ಮಕ್ಕಳ ಆರೈಕೆ, ಬಂದವರ ಊಟೋಪಚಾರ.

ಪೌಲಿನ್ ಎಂಬಾಕೆ ಮಿಶನರಿ ಗಾಟ್‌ಫ್ರೀಡ್ ವೈಗ್ಲೆಯವರ ಹೆಂಡತಿ. ಗಂಡ ತೀರಿಕೊಂಡ ಮೇಲೆ ಅವರ ಬಂಧುವೇ ಆದ ಮೋಗ್ಲಿಂಗರನ್ನು ಮದುವೆಯಾಗಿ ಅವರ ಜೊತೆ ಕೊಡಗಿನಲ್ಲಿ ಸಂಸಾರ ಹೂಡಿದಳು. 1860ರಲ್ಲಿ ಅವಳ ಆರೋಗ್ಯ ಕೆಟ್ಟದ್ದರಿಂದ ದಂಪತಿಗಳು ದೇಶಕ್ಕೆ ಮರಳಬೇಕಾಯಿತು. 'ಮಂಗಳೂರ ಸಮಾಚಾರ'ದ ಮೋಗ್ಲಿಂಗರ ಹೆಸರು ನಮ್ಮ ಮಕ್ಕಳ ಪಠ್ಯದಲ್ಲಿದೆ. ಪೌಲಿನ್ ಹೆಸರು ಎಷ್ಟು ಜನಕ್ಕೆ ಗೊತ್ತು?

ಕಿಟ್ಟೆಲರ ಮನೆಯ ಕಥೆಯೂ ಅಷ್ಟೇ. 1832ರಲ್ಲಿ ಉತ್ತರ ಜರ್ಮನಿಯ ಸಮುದ್ರತೀರದ ಹಳ್ಳಿಯೊಂದರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಅವರು 1853ರಲ್ಲಿ ಇಲ್ಲಿಗೆ ಬಂದರು. ಮೊದಲ ಹೆಂಡತಿ ಪೌಲಿನ್ ಐತ್ 1864ರಲ್ಲಿ ತೀರಿಕೊಂಡಳು. ಆಮೇಲೆ ಅವಳ ತಂಗಿ ಜೂಲಿ ಅದೇ ಮನೆಗೆ ಸೊಸೆಯಾಗಿ ಬಂದಳು. ಅಕ್ಕನ ಮಕ್ಕಳಿಗೆ ತಾಯಿಯಾಗಿ ಬರುವ ತಂಗಿಯರು ನಮ್ಮ ಕಡೆಯೂ ಎಷ್ಟು ಮಂದಿ ಇಲ್ಲ! ಕಡಲಿನ ಆಚೆಗೂ ಈಚೆಗೂ ಹೆಂಗಸರ ಪಾಡು ಒಂದೇ ಅಂತ ನನಗೆ ಅನ್ನಿಸಿದ್ದು ಇಲ್ಲೇ.

ಮಕ್ಕಳನ್ನು ಹಡಗು ಹತ್ತಿಸಿದ ತಾಯಂದಿರು

ಇನ್ನು ಮುಂದಿನದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲಿ ಹುಟ್ಟಿದ ಮಕ್ಕಳು ಇಲ್ಲಿಯ ಬಿಸಿಲು, ಜ್ವರಕ್ಕೆ ತಾಳುವುದಿಲ್ಲ, ಜರ್ಮನ್ ಓದೂ ಸಿಗುವುದಿಲ್ಲ ಎಂದು ಅವರನ್ನು ಐದಾರು ವರ್ಷವಾಗುತ್ತಲೇ ಯೂರೋಪಿಗೆ ಕಳಿಸಿಬಿಡುವ ಪದ್ಧತಿ ಇತ್ತು. ಬಂಧುಗಳಿದ್ದರೆ ಬಂಧುಗಳ ಮನೆ. 1853ರಿಂದ ಬಾಸೆಲಿನಲ್ಲಿ ಇದಕ್ಕೆಂದೇ ಒಂದು ಮಕ್ಕಳ ಮನೆ. ತಂದೆತಾಯಿ ಇಲ್ಲಿ, ಮಕ್ಕಳು ಅಲ್ಲಿ. ಮತ್ತೆ ಮುಖ ನೋಡುವ ಹೊತ್ತಿಗೆ ಎಂಟೋ ಹತ್ತೋ ವರ್ಷ. ಕೆಲವರಿಗೆ ಅದೂ ಇಲ್ಲ.

ಜೂಲಿ ಗುಂಡರ್ಟ್ ಎಂಬಾಕೆಯದನ್ನೇ ಕೇಳಿ. ಸ್ವಿಟ್ಜರ್ಲೆಂಡಿನ ಹೆಣ್ಣು. 1838ರಲ್ಲಿ ಹೆರ್ಮನ್ ಗುಂಡರ್ಟರನ್ನು ಮದುವೆಯಾಗಿ, ಅದೇ ವರ್ಷ ಮಂಗಳೂರಿಗೆ ಬಂದು, ಮರುವರ್ಷ ತಲಶ್ಶೇರಿಗೆ ಹೋಗಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದಾಕೆ. ಗಂಡ ಮಲಯಾಳಂ ನಿಘಂಟು ಬರೆದು ಹೆಸರಾದರು. ಇವರ ಮಗಳು ಮರೀ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ. ನಾಲ್ಕು ವರ್ಷದ ಆಸುಪಾಸಿನಲ್ಲಿ ಆ ಮಗುವನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿ ಮರಳಿದರು. ಅವಳು ಮತ್ತೆ ಹಡಗೇರಿ ತಾಯಿಯ ಬಳಿಗೆ ಬಂದದ್ದು 1857ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ. ನಡುವೆ ಹತ್ತು ವರ್ಷ! ಜಡೆ ಹೆಣೆಯುವ, ಹಲ್ಲು ಬೀಳುವ, ಮೈನೆರೆಯುವ ವಯಸ್ಸೆಲ್ಲ ತಾಯಿಯ ಕಣ್ಣಿಗೆ ಬೀಳದೆ ಹೋಯಿತು. ಈ ಮರೀಯ ಮಗನೇ ಮುಂದೆ 'ಸಿದ್ಧಾರ್ಥ' ಕಾದಂಬರಿ ಬರೆದು, 1946ರಲ್ಲಿ ನೊಬೆಲ್ ಬಹುಮಾನ ಪಡೆದ ಹೆರ್ಮನ್ ಹೆಸ್ಸೆ.

ಕಿಟ್ಟೆಲರೂ ಹಾಗೆಯೇ. ಸ್ವದೇಶಕ್ಕೆ ಹೋಗಿದ್ದವರು ನಿಘಂಟು ಮುಗಿಸಲೆಂದು 1883ರಲ್ಲಿ ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲೇ ಬಿಟ್ಟು ಒಬ್ಬರೇ ಬಂದರು. ಇಲ್ಲಿಯ ಪಂಡಿತರ ನೆರವಿನಿಂದ ಶಬ್ದ ಶಬ್ದ ಕೂಡಿಸಿದರು. 1892ರಲ್ಲಿ ಸೋತ ದೇಹದೊಂದಿಗೆ ಮರಳಿದರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಯಿತು, ಸುಮಾರು 70,000 ಶಬ್ದ. ನಮ್ಮ ಒಲೆ, ಒನಕೆ, ಮೊರ ಎಲ್ಲ ಅದರಲ್ಲಿವೆ, ಗಾದೆಗಳೂ ಇವೆ. ಆ ದಪ್ಪ ಪುಸ್ತಕವನ್ನು ಕಂಡಾಗಲೆಲ್ಲ ಇನ್ನು ಮೇಲೆ ನನಗೆ ಒಂದು ಖಾಲಿ ಕುರ್ಚಿಯ ಮನೆಯೂ ಕಾಣುತ್ತದೆ.

ಇವರನ್ನು ಕಲ್ಲು ಮನಸ್ಸಿನವರು ಎನ್ನಬೇಕೇ? ದೇವರ ಕೆಲಸ ಎಂದು ನಂಬಿದ್ದರು, ನಿಯಮ ಹಾಕಿದವರು ಹಿರಿಯರು, ನಿಯಮ ಮೀರಲು ತಾಯಿಗೆ ದಾರಿಯೇ ಇರಲಿಲ್ಲ. ಆದರೆ ಮಗುವಿನ ಕೈ ಬಿಡಿಸಿಕೊಂಡು ದಡದಲ್ಲಿ ನಿಂತ ಹೆಂಗಸಿನ ಹೊಟ್ಟೆಯಲ್ಲಿ ಏನಾಗಿರಬಹುದೆಂದು ತಿಳಿಯಲು ಜರ್ಮನ್ ಭಾಷೆ ಬೇಕಾಗಿಲ್ಲ.

ಹಂಚಿನ ಮೇಲಿನ ಹೆಸರು

ನನ್ನ ತವರು ಸಾಗರದ ಹತ್ತಿರದ ಹಳ್ಳಿ. ಚಿಕ್ಕಂದಿನಲ್ಲಿ ಅಟ್ಟದ ಮೇಲೆ ಮಲಗಿ ಮೇಲೆ ನೋಡಿದರೆ ಹಂಚಿನ ಒಳಮೈಯಲ್ಲಿ ಇಂಗ್ಲಿಷ್ ಅಕ್ಷರ ಕಾಣುತ್ತಿದ್ದವು. ಅಕ್ಷರ ಕೂಡಿಸಿ 'ಬಾಸೆಲ್ ಮಿಶನ್' ಎಂದು ಓದಿ, ಯಾರೋ ಹಂಚಿನ ವ್ಯಾಪಾರಿಯ ಹೆಸರಿರಬೇಕು ಎಂದುಕೊಂಡಿದ್ದೆ!

ಆ ಹಂಚಿನ ಹಿಂದೆಯೂ ಒಂದು ಸಂಸಾರದ ಕಥೆ ಇದೆ. ಹೊಸ ಸಭೆಗೆ ಸೇರಿದ ಜನ ತಮ್ಮ ಜಾತಿಯ ಜೊತೆಗೆ ಕಸುಬು, ಆಸ್ತಿಯ ಪಾಲು, ನೆಂಟರ ಆಸರೆ ಎಲ್ಲ ಕಳೆದುಕೊಳ್ಳುತ್ತಿದ್ದರು. ಪ್ರಾರ್ಥನೆಯಿಂದ ಹೊಟ್ಟೆ ತುಂಬುತ್ತದೆಯೇ? ಅವರಿಗೆ ದುಡಿಮೆ ಬೇಕಿತ್ತು. ಅದಕ್ಕೆಂದು ಮಗ್ಗದ ಮನೆ ತೆರೆದರು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಅಲ್ಲಿ ಹೊಸ ಮಗ್ಗ ಹಾಕಿಸಿ, ಬಣ್ಣ ಹಾಕುವ ಕೆಲಸ ಕಲಿಸಿದರು. ಖಾಕಿ ಬಟ್ಟೆಗೆ ಹೆಸರು ಬಂದದ್ದು ಈ ಮಗ್ಗದ ಮನೆಯಿಂದ ಎಂದು ಮಂಗಳೂರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿ ತೀರದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹೊಳೆಯ ಜೇಡಿಮಣ್ಣು, ಅಚ್ಚು ಒತ್ತುವ ಯಂತ್ರ, ಸುಡುವ ಗೂಡು. ಒಂದಕ್ಕೊಂದು ಕೊಂಡಿಯಂತೆ ಕೂತುಕೊಳ್ಳುವ ಆ ಹಂಚು ಸೋಗೆ, ಹುಲ್ಲಿನ ಮಾಡಿಗಿಂತ ಬಾಳಿಕೆ, ಬೆಂಕಿಯ ಭಯವೂ ಇಲ್ಲ. ಮಲೆನಾಡಿನ ಮನೆಗಳಿಂದ ಹಿಡಿದು ಬೆಂಗಳೂರು ದಂಡಿನ ಬಂಗಲೆಗಳವರೆಗೆ ಮಂಗಳೂರು ಹಂಚು ಹಬ್ಬಿತು. ಕಾರ್ಖಾನೆಗಳಲ್ಲಿ ಹೆಂಗಸರೂ ದುಡಿದರು. ಗಂಡಸಿನ ಮುಂದೆ ಕೈಯೊಡ್ಡದೆ ತನ್ನ ಕೂಲಿ ತಾನು ಎಣಿಸಿಕೊಂಡ ಹೆಣ್ಣುಮಗಳಿಗೆ ಅದು ಸಣ್ಣ ಸಂಗತಿಯಲ್ಲ.

ಒಂದೇ ಏಟಿಗೆ

ಎಂಬತ್ತು ವರ್ಷ ಕಟ್ಟಿದ್ದು 1914ರಲ್ಲಿ ಕುಸಿಯಿತು. ಇಂಗ್ಲೆಂಡಿಗೂ ಜರ್ಮನಿಗೂ ಯುದ್ಧ. ನಿನ್ನೆಯವರೆಗೆ 'ಪಾದ್ರಿ ಅಯ್ಯನವರು' ಆಗಿದ್ದವರು ಇಂದು ಶತ್ರುದೇಶದವರು. ಗಂಡಸರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು. ಹೆಂಗಸರು ಮಕ್ಕಳಿಗಾಗಿ ನಮ್ಮ ಬೆಳಗಾವಿಯಲ್ಲೂ ಒಂದು ಶಿಬಿರವಿತ್ತು. 1915, 1916ರಲ್ಲಿ 'ಗೋಲ್ಕೊಂಡ' ಎಂಬ ಹಡಗು ಇಂಥ ಸಂಸಾರಗಳನ್ನು ತುಂಬಿಕೊಂಡು ಯೂರೋಪಿಗೆ ಹೊರಟಿತು. ಮಗ್ಗ, ಹಂಚಿನ ಕಾರ್ಖಾನೆಗಳು ಸರ್ಕಾರದ ಕೈಗೆ ಹೋಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಗೆ ಸೇರಿದವು. ಒಂದು ಕಾಲಕ್ಕೆ ತವರು ಬಿಟ್ಟು ಬಂದ ಸೊಸೆಯರು ಈಗ ಸಂಸಾರ ಕಟ್ಟಿದ ಮನೆಯನ್ನೂ ಬಿಟ್ಟು ಹೋದರು.

ಜರ್ಮನರು ಹೋದರು, ಸಭೆ ಉಳಿಯಿತು. ಏಕೆಂದರೆ ಅಷ್ಟು ಹೊತ್ತಿಗೆ ಅದು ಜರ್ಮನರದಾಗಿ ಉಳಿದಿರಲಿಲ್ಲ. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು, ಮಂಗಳೂರಿನ ಹಳೆಯ ಬಾಸೆಲ್ ಸಭೆಗಳು ಇಂದು ಅದರೊಳಗೇ ಇವೆ. ಹೋದ ವರ್ಷ ಮದುವೆಯೊಂದಕ್ಕೆ ಮಂಗಳೂರಿಗೆ ಹೋದಾಗ ಬಲ್ಮಠದ ಶಾಂತಿ ಕೆಥೆಡ್ರಲ್ ದಾರಿಯಲ್ಲಿ ಕಂಡಿತ್ತು. ಆಗ ಅದರ ಕಥೆ ನನಗೆ ಗೊತ್ತಿರಲಿಲ್ಲ. ಭಾನುವಾರ. ಒಳಗಿಂದ ಹಾಡು ಕೇಳುತ್ತಿತ್ತು. ರಾಗ ಎಲ್ಲಿಯದೋ, ಮಾತು ಮಾತ್ರ ಅಚ್ಚ ಕನ್ನಡ. ಸೀರೆಯುಟ್ಟು ಮಲ್ಲಿಗೆ ಮುಡಿದ ಹೆಂಗಸರು ಮಕ್ಕಳ ಕೈಹಿಡಿದು ಹೊರಬಂದರು. ಇದೇ ಕಿಟ್ಟೆಲರು 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಷಟ್ಪದಿಯಲ್ಲಿ 'ಕಥಾಮಾಲೆ' ಎಂದು ಬರೆದರಂತೆ. ಕನ್ನಡದವರು ಕನ್ನಡದ ಮಟ್ಟಿನಲ್ಲೇ ಹಾಡಬೇಕೆಂಬ ಆಸೆ.

ಹೂಂ ಎಂದೆ

ಇಷ್ಟೆಲ್ಲ ಓದಿದ ಮೇಲೆ ನನ್ನ ಸಂಕಟ ಹೋಯಿತೇ? ಇಲ್ಲ. ಆದರೆ ಅದರ ಅಳತೆ ತಿಳಿಯಿತು.

ಆ ಹುಡುಗಿಯರನ್ನು ಯಾರೋ ಆರಿಸಿ ಕಳಿಸಿದರು. ನನ್ನ ಮಗಳು ತಾನೇ ಆರಿಸಿಕೊಂಡು ಹೊರಟಿದ್ದಾಳೆ. ಅವರು ಗಂಡನ ಕೆಲಸಕ್ಕೆ ನೆರಳಾಗಿ ಬಂದರು. ಇವಳು ತನ್ನದೇ ಕೆಲಸಕ್ಕೆ, ತನ್ನದೇ ಸಂಬಳಕ್ಕೆ ಹೋಗುತ್ತಾಳೆ. ಅವರ ಕಾಗದ ಬರಲು ತಿಂಗಳುಗಟ್ಟಲೆ ಬೇಕಿತ್ತು. ಇವಳ ಮುಖವನ್ನು ನಾನು ರಾತ್ರಿ ಊಟದ ಹೊತ್ತಿಗೆ ಫೋನಿನಲ್ಲಿ ನೋಡಬಹುದು. ಭಾಷೆ ಬಾರದ ಊರಿನಲ್ಲಿ ಅವರು ಬಾಳಿ ತೋರಿಸಿದ್ದಾರೆ, ಇವಳು ಭಾಷೆ ಕಲಿತೇ ಹೋಗುತ್ತಾಳೆ. ಜೂಲಿಯಂಥ ತಾಯಿ ನಾಲ್ಕು ವರ್ಷದ ಮಗುವನ್ನು ಬಿಟ್ಟು ಬಂದಳು. ನನ್ನ ಮಗಳಿಗೆ ಇಪ್ಪತ್ತಮೂರು. ನಾನು ಯಾವ ಬಾಯಲ್ಲಿ ಬೇಡ ಎನ್ನಲಿ?

ಆದರೂ ಒಂದು ಮಾತು ಅವಳಿಂದ ಪಡೆದಿದ್ದೇನೆ. "ನಾಳೆ ನಿನಗೆ ಮಕ್ಕಳಾದರೆ, ಎಲ್ಲೇ ಇರು, ಅವನ್ನು ನಿನ್ನ ಹತ್ತಿರವೇ ಇಟ್ಟುಕೋ. ಅದೊಂದನ್ನು ಮಾತ್ರ ಆ ಹೆಂಗಸರ ಹಾಗೆ ಮಾಡಬೇಡ" ಎಂದೆ. ಅವಳು ಪುಸ್ತಕ ಮುಚ್ಚಿ, ನನ್ನ ಹೆಗಲಿಗೆ ತಲೆ ಆನಿಸಿ ಸುಮ್ಮನೆ ಕೂತಳು. ಮರುದಿನ ನಾನು ಹುರಿಹಿಟ್ಟು, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿಯ ಪಟ್ಟಿ ಬರೆಯಲು ಕೂತೆ. ಇವರು ನೋಡಿ ನಕ್ಕರು: "ಪರೀಕ್ಷೆಯೇ ಆಗಿಲ್ಲ, ಆಗಲೇ ಉಪ್ಪಿನಕಾಯೇ?"

ಸೋದರಿಯರೇ, ನಿಮ್ಮ ಊರಿನಲ್ಲೂ ಹಳೆಯ ಹಂಚಿನ ಮನೆ ಇದ್ದರೆ, ಮಳೆಗಾಲಕ್ಕೆ ಮುಂಚೆ ಮಾಡು ಕೈಯಾಡಿಸುವಾಗ ಒಂದು ಹಂಚನ್ನು ತಿರುಗಿಸಿ ನೋಡಿ. ಬಾಸೆಲ್ ಮಿಶನ್ ಎಂಬ ಹೆಸರು ಕಂಡರೆ ಅದನ್ನು ಒಡೆಯದೆ ತೆಗೆದಿಡಿ. ಆ ಹಂಚಿನ ಮೇಲೆ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಹೆಸರಿಲ್ಲದವರನ್ನು ನಾವಾದರೂ ನೆನೆಯೋಣ.